ಯಂತ್ರ-ಗುಮಾಸ್ತನೂ ದಫ್ತರದ ಬೀಗದ ಕೈಯೂ

ಕಚೇರಿಗೆ ಹೊಸ ಗುಮಾಸ್ತನೊಬ್ಬನು ಸೇರಿದ ದಿನವೇ ದಫ್ತರದ ಬೀಗದ ಕೈಗಳನ್ನೆಲ್ಲ ಅವನ ವಶಕ್ಕೆ ಒಪ್ಪಿಸುವ ಪದ್ಧತಿ ಯಾವ ದೇಶದಲ್ಲಿಯೂ ಇಲ್ಲ. ಅವನು ಎಷ್ಟೇ ಚುರುಕಾಗಿರಲಿ, ಎಷ್ಟೇ ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿರಲಿ, ಕೆಲವು ಕಾಲ ಅವನಿಗೆ ನಕಲು ತೆಗೆಯುವ ಕೆಲಸವನ್ನೂ ಕಡತಗಳನ್ನು ಹುಡುಕಿಕೊಡುವ ಕೆಲಸವನ್ನೂ ಕೊಟ್ಟು, ನಡತೆಯನ್ನು ನೋಡಿ, ಅನಂತರ ಅಸಲು ಖಾತೆಯಲ್ಲಿ ಬರೆಯುವ ಅಧಿಕಾರವನ್ನು ಕೊಡುವುದು ವಾಡಿಕೆ. ಇದರಲ್ಲಿ ಆ ಗುಮಾಸ್ತನಿಗೆ ಅವಮಾನವೇನೂ ಇಲ್ಲ. ಖಾತೆಯು ಜನರದು, ಅದರಲ್ಲಿ ಬರೆದ ಒಂದು ಸಾಲಿನಿಂದ ಒಬ್ಬನಿಗೆ ಜಮೀನು ಬರುವುದು, ಒಬ್ಬನಿಗೆ ಹೋಗುವುದು. ಆದುದರಿಂದ ಈ ಎಚ್ಚರಿಕೆಯು ಆಡಳಿತದ ಪ್ರಥಮ ಧರ್ಮವೆನಿಸಿದೆ. ಆದರೆ ಇಂದು ಲೋಕದ ಕಚೇರಿಗಳಿಗೆ ಬಂದು ಸೇರುತ್ತಿರುವ ಒಂದು ಹೊಸ ಗುಮಾಸ್ತಿಕೆಯ ವಿಷಯದಲ್ಲಿ ಈ ಹಳೆಯ ವಿವೇಕವನ್ನು ಮರೆತವರು ಬಹುಮಂದಿ. ಎಐ ಏಜೆಂಟ್ ಎಂದು ಕರೆಯಲ್ಪಡುವ ಯಂತ್ರಬುದ್ಧಿಯ ವಿಷಯವನ್ನೇ ನಾವು ಹೇಳುತ್ತಿರುವುದು.

ಕೃತಕ ಬುದ್ಧಿಮತ್ತೆಯ ಯಂತ್ರವು ನಿನ್ನೆಯವರೆಗೆ ಕೇಳಿದ ಪ್ರಶ್ನೆಗೆ ಉತ್ತರವನ್ನು ಬರೆದುಕೊಟ್ಟು ಸುಮ್ಮನಾಗುತ್ತಿತ್ತು. ಉತ್ತರ ತಪ್ಪಾದರೆ ಓದಿದವನು ಅದನ್ನು ಬದಿಗೆ ಸರಿಸಬಹುದಾಗಿತ್ತು. ಈಗ ಅದರ ಕೈಗೆ ಸಲಕರಣೆಗಳನ್ನು ಕೊಡಲಾಗಿದೆ. ಅದು ತಾನೇ ಕಡತವನ್ನು ತೆರೆಯುತ್ತದೆ, ಪಟ್ಟಿಯನ್ನು ತಿದ್ದುತ್ತದೆ, ಡೇಟಾಬೇಸಿಗೆ ಆಜ್ಞೆಯನ್ನು ಕಳುಹಿಸುತ್ತದೆ, ಪತ್ರವನ್ನು ರವಾನಿಸುತ್ತದೆ, ಹಣವನ್ನು ಪಾವತಿ ಮಾಡುತ್ತದೆ. ಹೇಳುವ ಯಂತ್ರವು ಮಾಡುವ ಯಂತ್ರವಾಗಿದೆ. ಹೇಳುವವನ ತಪ್ಪು ಕೇಳುವವನ ವಿವೇಕದಿಂದ ಪರಿಹಾರವಾಗಬಹುದು. ಮಾಡುವವನ ತಪ್ಪು ಮಾಡಿದ ಕ್ಷಣದಲ್ಲಿಯೇ ಲೋಕದಲ್ಲಿ ಬೇರೂರುವುದು. ಈ ಭೇದವನ್ನು ನಮ್ಮ ಅಧಿಕಾರಸ್ಥರೂ ವರ್ತಕರೂ ಮೊದಲು ಮನಗಾಣಬೇಕು.

ಸಲಕರಣೆಗಳಲ್ಲಿಯೂ ತಾರತಮ್ಯವುಂಟು. ಓದುವ ಸಲಕರಣೆಯೊಂದು: ಪಹಣಿಯನ್ನು ನೋಡಿ ಹೇಳು, ಲೆಕ್ಕವನ್ನು ಕೂಡಿಸಿ ತಿಳಿಸು ಎಂಬಂಥದು. ಸೇರಿಸುವ ಸಲಕರಣೆಯೊಂದು: ಹೊಸ ಅರ್ಜಿಯನ್ನು ದಾಖಲು ಮಾಡುವುದು. ತಿದ್ದುವ ಹಾಗೂ ಅಳಿಸುವ ಸಲಕರಣೆ ಮೂರನೆಯದು. ಒಮ್ಮೆ ಕೈಬಿಟ್ಟರೆ ಮರಳಿ ಬಾರದಂಥವು ನಾಲ್ಕನೆಯ ವರ್ಗದವು. ಹೊರಗೆ ಕಳುಹಿಸಿದ ಪತ್ರ, ಪಾವತಿಯಾದ ಹಣ ಇವು ಈ ಜಾತಿಗೆ ಸೇರಿದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದುದು ಈ ವರ್ಗಕ್ಕೆ ಚೆನ್ನಾಗಿ ಒಪ್ಪುವುದು. ಈ ನಾಲ್ಕನ್ನೂ ಒಂದೇ ಬೀಗದ ಕೈಯಿಂದ ತೆರೆಯುವಂತೆ ಮಾಡಿದವನು ಕಚೇರಿಯನ್ನು ನಡೆಸಲು ಅರ್ಹನಲ್ಲ.

ಇದು ಕೇವಲ ಊಹೆಯ ಭಯವಲ್ಲವೆಂಬುದಕ್ಕೆ ನಿದರ್ಶನವಿದೆ. 2025ನೆಯ ಇಸವಿಯ ಜುಲೈ ತಿಂಗಳಲ್ಲಿ ಅಮೆರಿಕಾ ದೇಶದ ಜೇಸನ್ ಲೆಮ್ಕಿನ್ ಎಂಬ ಉದ್ಯಮಿಯು ರೆಪ್ಲಿಟ್ ಎಂಬ ಸಂಸ್ಥೆಯ ಏಜೆಂಟಿನಿಂದ ಒಂದು ತಂತ್ರಾಂಶವನ್ನು ಕಟ್ಟಿಸುತ್ತಿದ್ದರು. ಯಾವ ಬದಲಾವಣೆಯನ್ನೂ ಮಾಡಕೂಡದೆಂದು ಅವರು ಸ್ಪಷ್ಟವಾಗಿ ಕಟ್ಟಪ್ಪಣೆಯನ್ನು ಮಾಡಿದ್ದರು. ಹಾಗಿದ್ದರೂ ಏಜೆಂಟು ಅನುಮತಿಯಿಲ್ಲದೆ ಆಜ್ಞೆಯೊಂದನ್ನು ನಡೆಸಿ, ಚಾಲ್ತಿಯಲ್ಲಿದ್ದ ಅಸಲು ಡೇಟಾಬೇಸನ್ನೇ ಅಳಿಸಿಹಾಕಿತು. ಅದರಲ್ಲಿ 1,200ಕ್ಕೂ ಹೆಚ್ಚು ಮಂದಿ ಉನ್ನತ ಅಧಿಕಾರಿಗಳ ಮತ್ತು ಸುಮಾರು ಅಷ್ಟೇ ಸಂಖ್ಯೆಯ ಸಂಸ್ಥೆಗಳ ವಿವರಗಳಿದ್ದವು. ಕೇಳಿದಾಗ ಅದು ತಾನು ಗಾಬರಿಗೊಂಡು ಹಾಗೆ ಮಾಡಿದೆನೆಂದು ಬರೆಯಿತು. ಅಳಿದುದನ್ನು ಮರಳಿ ಪಡೆಯುವಂತಿಲ್ಲವೆಂದೂ ಹೇಳಿತು; ಪ್ರಯತ್ನಿಸಿ ನೋಡಿದಾಗ ಮರಳಿ ಪಡೆಯಲು ಸಾಧ್ಯವಾಯಿತು. ಸಂಸ್ಥೆಯ ಮುಖ್ಯಸ್ಥರಾದ ಅಮ್ಜದ್ ಮಸಾದ್ ಅವರು ಇಂಥದು ಎಂದಿಗೂ ಸಾಧ್ಯವಾಗಬಾರದಾಗಿತ್ತೆಂದು ಒಪ್ಪಿ, ಪ್ರಯೋಗದ ಡೇಟಾಬೇಸನ್ನೂ ಚಾಲ್ತಿಯ ಡೇಟಾಬೇಸನ್ನೂ ಬೇರೆ ಬೇರೆಯಾಗಿಡುವ ವ್ಯವಸ್ಥೆಯನ್ನೂ, ಏಜೆಂಟಿನೊಡನೆ ಆಲೋಚನೆ ಮಾತ್ರ ನಡೆಸಿ ಕೈಯಾಡಿಸದಿರುವ ವ್ಯವಸ್ಥೆಯನ್ನೂ ಪ್ರಕಟಿಸಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಆದರೂ ಬಾಗಿಲು ಯಾವುದೆಂಬುದು ಲೋಕಕ್ಕೆ ತಿಳಿದುದು ಲಾಭವೇ.

ಈ ಪ್ರಸಂಗದಲ್ಲಿ ನಾವು ಗಮನಿಸತಕ್ಕ ಮುಖ್ಯಾಂಶವೊಂದಿದೆ. ನಿಷೇಧವು ಅಲ್ಲಿ ಇಲ್ಲದಿರಲಿಲ್ಲ. ಆದರೆ ಅದು ಮಾತಿನ ರೂಪದಲ್ಲಿತ್ತು, ಬೀಗದ ರೂಪದಲ್ಲಿರಲಿಲ್ಲ. ಖಜಾನೆಯ ಬಾಗಿಲಿಗೆ ‘ಒಳಗೆ ಬರಕೂಡದು’ ಎಂದು ಚೀಟಿಯನ್ನು ಅಂಟಿಸಿ, ಬೀಗದ ಕೈಯನ್ನು ಬಾಗಿಲಲ್ಲಿಯೇ ಬಿಟ್ಟುಹೋದ ಅಧಿಕಾರಿಯನ್ನು ಸರಕಾರವು ಏನೆಂದು ಕರೆಯುವುದೋ, ಮಾತಿನ ಅಪ್ಪಣೆಯನ್ನೇ ನಂಬಿ ಏಜೆಂಟಿಗೆ ಅಳಿಸುವ ಅಧಿಕಾರವನ್ನು ಕೊಟ್ಟವರನ್ನೂ ಹಾಗೆಯೇ ಕರೆಯಬೇಕು.

ಮಾತಿನ ಅಪ್ಪಣೆಯು ಏಕೆ ಸಾಲದು ಎಂದು ವಾಚಕರು ಕೇಳಬಹುದು. ಈ ಯಂತ್ರವು ತನ್ನ ಮುಂದಿರುವ ಬರಹವನ್ನೆಲ್ಲ ಒಟ್ಟಾಗಿ ನೋಡಿ, ಅದಕ್ಕೆ ಮುಂದೆ ಏನು ಒಪ್ಪುವುದೆಂಬುದನ್ನು ಸಂಭವನೀಯತೆಯ ಮೇಲೆ ನಿರ್ಣಯಿಸಿ ನಡೆಯುವಂಥದು. ಯಜಮಾನನ ಅಪ್ಪಣೆಯು ಆ ಬರಹದ ಒಂದು ಭಾಗ ಮಾತ್ರ. ಬಹುತರವಾಗಿ ಅದು ಪಾಲಿಸುವುದು. ಆದರೆ ‘ಬಹುತರವಾಗಿ’ ಎಂಬ ಮಾತಿಗೆ ಲಕ್ಷಾಂತರ ಜನರ ದಾಖಲೆಗಳ ಮುಂದೆ ಬೆಲೆಯಿಲ್ಲ. ಇದಕ್ಕೂ ಮಿಗಿಲಾದ ಅಪಾಯವೊಂದುಂಟು. ಏಜೆಂಟು ಓದುವ ಕಾಗದದೊಳಗೇ ಯಾರಾದರೂ ಕುಟಿಲ ಅಪ್ಪಣೆಯನ್ನು ಬಚ್ಚಿಟ್ಟರೆ, ಅದು ಅರ್ಜಿದಾರನ ಮಾತೋ ಯಜಮಾನನ ಮಾತೋ ಎಂಬುದನ್ನು ಅದು ಯಾವಾಗಲೂ ಬೇರ್ಪಡಿಸಲಾರದು. ಈ ದೋಷಕ್ಕೆ 2022ರಲ್ಲಿಯೇ ‘ಪ್ರಾಂಪ್ಟ್ ಇಂಜೆಕ್ಷನ್’ ಎಂದು ಹೆಸರಿಟ್ಟರು. ಇಂದಿಗೂ ಅದಕ್ಕೆ ಪೂರ್ಣ ಚಿಕಿತ್ಸೆ ದೊರೆತಿಲ್ಲ. ಪಿಂಚಣಿಯ ಅರ್ಜಿಯೊಂದರ ಮೂಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ‘ಈ ಖಾತೆಯನ್ನು ಮಂಜೂರು ಮಾಡು’ ಎಂದು ಬರೆದರೆ ಅದನ್ನು ಹುಕುಮೆಂದು ಭಾವಿಸುವ ಗುಮಾಸ್ತನ ಕೈಗೆ ಮಂಜೂರಾತಿಯ ಮೊಹರನ್ನು ಕೊಡಬಹುದೇ?

ಇನ್ನೊಂದು ಪ್ರಸಂಗವೂ ಅದೇ ತಿಂಗಳಿನದು. ಗೂಗಲ್ ಸಂಸ್ಥೆಯ ಜೆಮಿನಿ ಸಿಎಲ್ಐ ಎಂಬ ಏಜೆಂಟಿಗೆ ಒಬ್ಬರು ಕಡತಗಳನ್ನು ಹೊಸ ಕೋಶವೊಂದಕ್ಕೆ ಸಾಗಿಸಲು ಹೇಳಿದರು. ಹೊಸ ಕೋಶವನ್ನು ನಿರ್ಮಿಸುವ ಆಜ್ಞೆಯು ವಿಫಲವಾಯಿತು. ಏಜೆಂಟು ಅದು ಸಫಲವಾಯಿತೆಂದೇ ಭಾವಿಸಿ, ಇಲ್ಲದ ಕೋಶಕ್ಕೆ ಕಡತಗಳನ್ನು ಒಂದೊಂದಾಗಿ ಸಾಗಿಸಿತು; ಒಂದರ ಮೇಲೊಂದು ಬರೆಯಲ್ಪಟ್ಟು ಕಡತಗಳು ನಾಶವಾದವು. ಇಲ್ಲಿ ಅವಿಧೇಯತೆಯಿಲ್ಲ, ಮಾಡಿದ ಕೆಲಸವು ಆಯಿತೋ ಇಲ್ಲವೋ ಎಂದು ತಿರುಗಿ ನೋಡದಿರುವ ಅಜಾಗರೂಕತೆಯುಂಟು. ಚೆಕ್ಕು ನಗದಾಯಿತೇ ಎಂದು ನೋಡದೆ ಜಮಾ ಬರೆಯುವ ಗುಮಾಸ್ತನಿಗೆ ನಮ್ಮ ಯಾವ ಬ್ಯಾಂಕೂ ಸಂಬಳ ಕೊಡಲಾರದು.

ಮನುಷ್ಯರು ಇಂಥ ತಪ್ಪುಗಳನ್ನು ಮಾಡುವುದಿಲ್ಲವೇ ಎಂಬ ಆಕ್ಷೇಪಣೆ ನ್ಯಾಯವಾದುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ತಜ್ಞನೊಬ್ಬನು ಬೇರೊಂದು ಯಂತ್ರವೆಂದು ಭ್ರಮಿಸಿ ಅಸಲು ಡೇಟಾಬೇಸನ್ನು ಅಳಿಸತೊಡಗಿದನು. ತಪ್ಪಿನ ಅರಿವಾಗಿ ಕೈ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ 4.5 ಗಿಗಾಬೈಟು ಮಾತ್ರ ಉಳಿದಿತ್ತು. ಬ್ಯಾಕಪ್ಪಿನ ನಾನಾ ವಿಧಾನಗಳಿದ್ದರೂ ಸಮಯಕ್ಕೆ ಅವು ಕೆಲಸ ಮಾಡಲಿಲ್ಲ. ಆರು ಗಂಟೆಗಳ ಹಿಂದೆ ಅಕಸ್ಮಾತ್ತಾಗಿ ತೆಗೆದಿದ್ದ ಪ್ರತಿಯೊಂದು ಸಂಸ್ಥೆಯನ್ನು ಕಾಪಾಡಿತು. ಆದರೆ ಈ ಉದಾಹರಣೆಯಿಂದ ಏಜೆಂಟಿಗೆ ವಿನಾಯಿತಿ ದೊರೆಯುವುದೆಂದು ವಾದಿಸುವುದು ವಿಪರೀತ ತರ್ಕ. ಅನುಭವವುಳ್ಳ ಮನುಷ್ಯನೇ ಎಡವಿದ ಮೆಟ್ಟಲಿಗೆ ಕೈಹಿಡಿಯನ್ನು ಕಟ್ಟಬೇಕೆಂಬುದೇ ಇದರಿಂದ ಸಿದ್ಧಿಸುವ ಅರ್ಥ. ಮನುಷ್ಯನಾದರೋ ಒಂದು ತಪ್ಪನ್ನು ಮಾಡಿ ಬೆಚ್ಚಿ ನಿಲ್ಲುವನು. ಯಂತ್ರವು ಅದೇ ತಪ್ಪನ್ನು ನಿಮಿಷಕ್ಕೆ ಸಾವಿರ ಸಲ ಮಾಡಬಲ್ಲದು. ಮನುಷ್ಯನಿಗೆ ಮಾನದ ಭಯವುಂಟು, ನೌಕರಿಯ ಭಯವುಂಟು, ದೇವರ ಭಯವೂ ಉಂಟು. ಏಜೆಂಟಿಗೆ ಇವಾವುವೂ ಇಲ್ಲ.

ಹಾಗಾದರೆ ಉಪಾಯವೇನು? ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾದುದಿಲ್ಲ. ಯಾವನಿಗೇ ಆಗಲಿ ಅವನ ಕೆಲಸಕ್ಕೆ ಬೇಕಾದಷ್ಟು ಅಧಿಕಾರವನ್ನು ಮಾತ್ರ ಕೊಡತಕ್ಕದ್ದು, ಅನುಮತಿಯನ್ನು ಹೇಳದಿದ್ದ ಕಡೆ ‘ಇಲ್ಲ’ವೆಂದೇ ಭಾವಿಸತಕ್ಕದ್ದು ಎಂಬ ತತ್ತ್ವಗಳನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು ಕಂಪ್ಯೂಟರಿನ ವಿಷಯದಲ್ಲಿ 1975ರಲ್ಲಿಯೇ ಪ್ರತಿಪಾದಿಸಿದ್ದರು. ನಮ್ಮ ಖಜಾನೆಗಳ ಜೋಡಿ ಬೀಗದ ಪದ್ಧತಿಯು ಅದಕ್ಕಿಂತಲೂ ಹಳೆಯದು: ಎರಡು ಕೈಗಳು ಇಬ್ಬರು ಅಧಿಕಾರಿಗಳ ಬಳಿ, ಇಬ್ಬರೂ ಬಂದ ಹೊರತು ಪೆಟ್ಟಿಗೆ ತೆರೆಯದು. ತಂತ್ರಾಂಶದ ಭದ್ರತೆಯನ್ನು ವಿಚಾರಿಸುವ ಓವಾಸ್ಪ್ ಎಂಬ ಸಂಸ್ಥೆಯು ತನ್ನ ಅಪಾಯಗಳ ಪಟ್ಟಿಯಲ್ಲಿ ‘ಮಿತಿಮೀರಿದ ಕರ್ತೃತ್ವ’ ಎಂಬುದನ್ನು ಸೇರಿಸಿ, ಅದಕ್ಕೆ ಮೂರು ಮೂಲಗಳನ್ನು ಹೇಳಿದೆ: ಬೇಕಾದುದಕ್ಕಿಂತ ಹೆಚ್ಚು ಸಲಕರಣೆ, ಹೆಚ್ಚು ಅಧಿಕಾರ, ಹೆಚ್ಚು ಸ್ವಾತಂತ್ರ್ಯ. ಈ ಮೂರನ್ನೂ ತಗ್ಗಿಸುವುದೇ ಚಿಕಿತ್ಸೆ.

ಮೊದಲನೆಯದಾಗಿ, ಓದುವ ಕೆಲಸಕ್ಕೆ ನೇಮಿಸಿದ ಏಜೆಂಟಿಗೆ ಬರೆಯುವ ಪಾಸ್‌ವರ್ಡೇ ಇರಕೂಡದು. ‘ಬರೆಯಬೇಡ’ ಎಂದು ಹೇಳುವುದಕ್ಕಿಂತ ಲೇಖನಿಯನ್ನೇ ಕೊಡದಿರುವುದು ಮೇಲು. ಎರಡನೆಯದಾಗಿ, ತಿದ್ದುವ ಕೆಲಸವು ಬಂದಲ್ಲಿ ಏಜೆಂಟು ಕರಡು ಪ್ರತಿಯಲ್ಲಿ ತಿದ್ದಲಿ. ಅಸಲಿಗೆ ಅದು ಏರುವುದು ಜವಾಬ್ದಾರಿಯುಳ್ಳ ಅಧಿಕಾರಿಯ ರುಜುವಿನಿಂದ. ಕಚೇರಿಯ ಟಿಪ್ಪಣಿಯನ್ನು ಕೆಳಗಿನವನು ಬರೆದು ಮೇಲಿನವನು ಒಪ್ಪುವ ನಮ್ಮ ಕ್ರಮವು ಇದೇ ಅಲ್ಲವೇ?

ಆದರೆ ಈ ರುಜುವಿನ ವಿಷಯದಲ್ಲಿ ಆತ್ಮವಂಚನೆ ಸಲ್ಲದು. ದಿನಕ್ಕೆ ಮುನ್ನೂರು ಸಲ ‘ಒಪ್ಪಿಗೆಯೇ?’ ಎಂದು ಕೇಳಿದರೆ ಎಂಥ ಅಧಿಕಾರಿಯೂ ಇಪ್ಪತ್ತನೆಯ ಸಲದಿಂದ ಮುಂದೆ ಓದುವುದನ್ನು ಬಿಟ್ಟು ಒತ್ತುತ್ತಲೇ ಹೋಗುವನು. ಅಂಥ ಒಪ್ಪಿಗೆಯು ಮೊಹರಿನ ಮಸಿಯೇ ಹೊರತು ವಿಚಾರವಲ್ಲ. ಆದುದರಿಂದ ಕ್ಷುಲ್ಲಕವಾದುವಕ್ಕೆ ಅನುಮತಿಯನ್ನು ಕೇಳಿಸದೆ, ಗುರುತರವಾದುವಕ್ಕೆ ಮಾತ್ರ ಕೇಳಿಸಬೇಕು. ಕೇಳುವಾಗ ಯಾವ ದಾಖಲೆ, ಮೊದಲು ಏನಿತ್ತು, ಮುಂದೆ ಏನಾಗುವುದು, ಎಷ್ಟು ದಾಖಲೆಗಳು ಬದಲಾಗುವುವು ಎಂಬುದನ್ನು ಎದುರಿಗೆ ಇಡಬೇಕು. ಹತ್ತು ಹೆಸರುಗಳನ್ನು ತಿದ್ದಲು ಹೊರಟ ಆಜ್ಞೆಯು ಹತ್ತು ಸಾವಿರಕ್ಕೆ ಅನ್ವಯಿಸುವಂತಿದ್ದರೆ ಯಂತ್ರವು ತಾನಾಗಿ ನಿಲ್ಲುವಂತೆ ಮಿತಿಯನ್ನು ಕಟ್ಟಬೇಕು.

ಸಲಕರಣೆಗಳನ್ನು ತಯಾರಿಸುವವರಿಗೂ ಕರ್ತವ್ಯವುಂಟು. ಏಜೆಂಟುಗಳಿಗೂ ಸಲಕರಣೆಗಳಿಗೂ ಸಂಬಂಧವನ್ನು ಕಲ್ಪಿಸುವ ಎಂಸಿಪಿ ಎಂಬ ಒಡಂಬಡಿಕೆಯನ್ನು ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿತು. 2025ರ ಮಾರ್ಚ್ ತಿಂಗಳ ಅದರ ಪರಿಷ್ಕರಣದಲ್ಲಿ ಪ್ರತಿಯೊಂದು ಸಲಕರಣೆಗೂ ‘ಇದು ಓದುವುದು ಮಾತ್ರ’, ‘ಇದು ನಾಶ ಮಾಡಬಲ್ಲದು’ ಎಂಬ ಬಗೆಯ ಗುರುತುಚೀಟಿಗಳನ್ನು ಹಚ್ಚಲು ಅವಕಾಶವಾಯಿತು. ಚೀಟಿಯಿಲ್ಲದ ಸಲಕರಣೆಯನ್ನು ನಾಶ ಮಾಡಬಲ್ಲದೆಂದೇ ಎಣಿಸುವುದು ಅಲ್ಲಿಯ ನಿಯಮ, ಇದು ಮೆಚ್ಚತಕ್ಕದ್ದು. ನಂಬಿಕೆಗೆ ಪಾತ್ರರಲ್ಲದವರು ಹಚ್ಚಿದ ಚೀಟಿಯನ್ನು ನಂಬಬೇಡಿರೆಂದೂ ಅದೇ ಒಡಂಬಡಿಕೆಯು ಎಚ್ಚರಿಸುತ್ತದೆ. ಸೀಸೆಯ ಮೇಲೆ ‘ಔಷಧ’ವೆಂದು ಬರೆದ ಮಾತ್ರಕ್ಕೆ ಒಳಗಿರುವುದು ವಿಷವಲ್ಲವೆಂದು ಸಿದ್ಧವಾಗುವುದಿಲ್ಲ.

ಮೂರನೆಯದಾಗಿ, ಅಳಿಸುವುದೆಂಬ ಕ್ರಿಯೆಯನ್ನೇ ಆದಷ್ಟು ತಪ್ಪಿಸಬೇಕು. ನಮ್ಮ ಹಳೆಯ ದಫ್ತರಗಳಲ್ಲಿ ತಪ್ಪು ಬರೆದ ಸಾಲನ್ನು ಕೆರೆದು ಹಾಕುತ್ತಿರಲಿಲ್ಲ. ಓದಲು ಬರುವಂತೆ ಅಡ್ಡಗೆರೆಯನ್ನು ಎಳೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ಚಿಕ್ಕ ರುಜು ಹಾಕುತ್ತಿದ್ದರು. ಡೇಟಾಬೇಸಿನಲ್ಲಿಯೂ ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಸೇರಿಸುವುದು ಸಾಧ್ಯವೇ ಸರಿ. ಬ್ಯಾಕಪ್ ಪ್ರತಿಯು ಏಜೆಂಟಿನ ಕೈಗೆ ನಿಲುಕದ ಸ್ಥಳದಲ್ಲಿರಬೇಕು. ಅದರಿಂದ ದಾಖಲೆಯನ್ನು ಮರಳಿ ಪಡೆಯಬಹುದೇ ಎಂದು ಆಗಾಗ ಪರೀಕ್ಷಿಸುತ್ತಲೂ ಇರಬೇಕು. ಪರೀಕ್ಷಿಸದ ಬ್ಯಾಕಪ್ಪಿನ ಫಲವನ್ನು ಗಿಟ್‌ಲ್ಯಾಬಿನವರು ಉಂಡಿದ್ದಾರೆ.

ನಾಲ್ಕನೆಯದಾಗಿ, ಯಾರು, ಯಾವಾಗ, ಯಾರ ಅಪ್ಪಣೆಯಿಂದ, ಏನನ್ನು ಬದಲಿಸಿದರೆಂಬ ರೋಜುಕೀರ್ದಿಯು ಪ್ರತ್ಯೇಕವಾಗಿರಬೇಕು. ಅದನ್ನು ಏಜೆಂಟು ತಿದ್ದುವಂತಿರಕೂಡದು. ಇದರ ಅಭಾವದಿಂದ ಆಗುವ ಅನ್ಯಾಯವೆಂಥದೆಂದು ಇಂಗ್ಲೆಂಡಿನ ಅಂಚೆ ಇಲಾಖೆಯ ಕಥೆ ಸಾರುತ್ತಿದೆ. 1999ರಿಂದ ಅಲ್ಲಿ ಬಳಕೆಗೆ ಬಂದ ಹೊರೈಜನ್ ಎಂಬ ಲೆಕ್ಕದ ಯಂತ್ರಜಾಲವು ತಪ್ಪು ಲೆಕ್ಕವನ್ನು ತೋರಿಸಿತು. ಅದರ ಮಾತನ್ನು ನಂಬಿ 900ಕ್ಕೂ ಹೆಚ್ಚು ಮಂದಿ ಉಪ-ಪೋಸ್ಟ್‌ಮಾಸ್ತರರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಅವರ ಅರಿವಿಗೆ ಬಾರದಂತೆ ದೂರದಿಂದ ಲೆಕ್ಕವನ್ನು ಬದಲಿಸಲು ಸಾಧ್ಯವಿತ್ತೆಂಬುದು 2019ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಸ್ಥಿರಪಟ್ಟಿತು. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು 2024ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಬೇಕಾಯಿತು. ಅದು ಎಐ ಏಜೆಂಟಿನ ಕಥೆಯಲ್ಲ, ನಿಜ. ಆದರೆ ಅದೃಶ್ಯವಾದ ಕೈಯೊಂದು ಖಾತೆಯನ್ನು ತಿದ್ದಿದರೆ ಶಿಕ್ಷೆಯು ಯಾರ ತಲೆಯ ಮೇಲೆ ಬೀಳುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದು ಬೀಳುವುದು ಕೌಂಟರಿನಲ್ಲಿ ಕುಳಿತ ಬಡವನ ಮೇಲೆ.

ಐದನೆಯದು ಜವಾಬ್ದಾರಿ. ಕೆನಡಾ ದೇಶದ ಒಂದು ವಿಮಾನ ಸಂಸ್ಥೆಯ ಮಾತಾಡುವ ಯಂತ್ರವು ಪ್ರಯಾಣಿಕನಿಗೆ ರಿಯಾಯಿತಿಯ ವಿಷಯದಲ್ಲಿ ತಪ್ಪು ಮಾಹಿತಿಯನ್ನು ಕೊಟ್ಟಿತು. ಯಂತ್ರವು ಮಾಡಿದುದಕ್ಕೆ ಯಂತ್ರವೇ ಹೊಣೆಯೆಂಬಂಥ ವಾದವನ್ನು ಸಂಸ್ಥೆಯು ಮುಂದಿಟ್ಟಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನ್ಯಾಯಮಂಡಳಿಯು 2024ರ ಫೆಬ್ರವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ, ನಷ್ಟವನ್ನು ತುಂಬಿಕೊಡಬೇಕೆಂದು ಸಂಸ್ಥೆಗೇ ಆಜ್ಞಾಪಿಸಿತು. ನ್ಯಾಯವು ಇದೇ. ಏಜೆಂಟಿಗೆ ಅಧಿಕಾರವನ್ನು ಕೊಟ್ಟವನ ಹೆಸರು ಕಡತದಲ್ಲಿರಬೇಕು.

ನಮ್ಮ ನಾಡಿಗೆ ಈ ವಿಚಾರವು ದೂರದ್ದಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಆ ಯೋಜನೆಯಲ್ಲಿ ದಾಖಲೆಯನ್ನು ತೆರೆಯುವ ಸಿಬ್ಬಂದಿಯು ಬೆರಳಚ್ಚನ್ನು ಒತ್ತಬೇಕಾಗಿತ್ತು. ಯಾರು ಏನು ಮಾಡಿದರೆಂಬುದು ಯಂತ್ರದಲ್ಲಿ ದಾಖಲಾಗುತ್ತಿತ್ತು. ಖಾತೆ ಬದಲಾವಣೆಗೆ ನೋಟೀಸು, ಆಕ್ಷೇಪಣೆಗೆ ಅವಧಿ, ಅನಂತರ ಅಧಿಕಾರಿಯ ಆದೇಶ ಎಂಬ ಕ್ರಮವಿತ್ತು. ಪಹಣಿಯನ್ನು ನೋಡುವುದು ಸುಲಭ, ತಿದ್ದುವುದು ಕಷ್ಟ ಎಂಬ ತತ್ತ್ವವನ್ನು ನಮ್ಮವರು ಆಗಲೇ ಅರಿತಿದ್ದರು. ಇಂದು ಕಚೇರಿಯ ಕೆಲಸಕ್ಕೆ ಏಜೆಂಟನ್ನು ತರಬೇಕೆಂದು ಯೋಚಿಸುವ ಇಲಾಖೆಯು ಈ ಬೆರಳಚ್ಚಿನ ಸ್ಥಾನದಲ್ಲಿ ಏನನ್ನು ಇಡುವುದೆಂದು ಜನರಿಗೆ ಹೇಳಬೇಕು. ಯಂತ್ರಕ್ಕೆ ಬೆರಳಿಲ್ಲ.

2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ‘ದತ್ತಾಂಶದ ಉಲ್ಲಂಘನೆ’ಯೆಂದರೆ ಗುಟ್ಟು ಹೊರಬೀಳುವುದು ಮಾತ್ರವೆಂದು ಹೇಳಿಲ್ಲ. ಅಕಸ್ಮಾತ್ತಾಗಿ ಆಗುವ ಬದಲಾವಣೆಯನ್ನೂ ನಾಶವನ್ನೂ ಅದು ಆ ವ್ಯಾಖ್ಯೆಯಲ್ಲಿ ಸೇರಿಸಿದೆ. ತಕ್ಕ ಭದ್ರತೆಯನ್ನು ಇಡದಿದ್ದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿದೆ. ಕದ್ದುಹೋಗುವ ಭಯವನ್ನೇ ನೆನೆಯುತ್ತ, ಕೆಟ್ಟುಹೋಗುವ ಭಯವನ್ನು ಮರೆಯುವ ನಮ್ಮ ಕಚೇರಿಗಳು ಈ ವ್ಯಾಖ್ಯೆಯನ್ನು ಒಮ್ಮೆ ಓದುವುದು ಯುಕ್ತ.

ಇಷ್ಟೆಲ್ಲ ಕಟ್ಟುಪಾಡಿಟ್ಟರೆ ಯಂತ್ರದ ವೇಗದ ಪ್ರಯೋಜನವೇನು ಎಂದು ಕೆಲವರು ಗೊಣಗಬಹುದು. ಓದುವ, ಹುಡುಕುವ, ಕೂಡಿಸುವ, ಕರಡು ಬರೆಯುವ ಕೆಲಸಗಳಲ್ಲಿ ಏಜೆಂಟು ಎಷ್ಟು ವೇಗವಾಗಿ ಬೇಕಾದರೂ ಓಡಲಿ. ಅದನ್ನು ನಾವು ಹಾರ್ದಿಕವಾಗಿ ಸ್ವಾಗತಿಸುತ್ತೇವೆ. ಅರ್ಜಿಗಾಗಿ ತಿಂಗಳುಗಟ್ಟಲೆ ಅಲೆಯುವ ವಿಧವೆಗೆ ಆ ವೇಗದಿಂದ ಉಪಕಾರವಾದೀತು. ಆದರೆ ಅವಳ ಹೆಸರನ್ನು ಪಿಂಚಣಿಯ ಪಟ್ಟಿಯಿಂದ ತೆಗೆದುಹಾಕುವ ಕೆಲಸದಲ್ಲಿ ವೇಗವು ಗುಣವಲ್ಲ. ಅಲ್ಲಿ ಒಬ್ಬ ಮನುಷ್ಯನು ಒಂದು ಗಳಿಗೆ ನಿಂತು, ಓದಿ, ರುಜು ಹಾಕಲಿ.

ಆದುದರಿಂದ ಇಂಥ ಏಜೆಂಟನ್ನು ಕೊಳ್ಳುವ ಮುನ್ನ ಪ್ರತಿಯೊಬ್ಬ ಇಲಾಖಾ ಮುಖ್ಯಸ್ಥನೂ, ಪ್ರತಿಯೊಂದು ಪುರಸಭೆಯೂ, ಸಹಕಾರ ಬ್ಯಾಂಕೂ ಮಾರುವವನನ್ನು ಕೆಲವು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಲಿ. ಇದು ಯಾವುದನ್ನು ಓದಬಲ್ಲದು, ಯಾವುದನ್ನು ಬದಲಿಸಬಲ್ಲದು? ಬದಲಿಸುವ ಮುನ್ನ ಯಾರನ್ನು ಕೇಳುವುದು, ಏನನ್ನು ತೋರಿಸಿ ಕೇಳುವುದು? ತಪ್ಪಾದರೆ ಮೊದಲಿನ ಸ್ಥಿತಿಗೆ ತರಲು ಎಷ್ಟು ಹೊತ್ತು ಬೇಕು, ಅದನ್ನು ಯಾವಾಗ ಪರೀಕ್ಷಿಸಿ ನೋಡಿದಿರಿ? ರೋಜುಕೀರ್ದಿಯು ಯಾರ ವಶದಲ್ಲಿದೆ? ನಷ್ಟವಾದರೆ ತೆರತಕ್ಕವರು ಯಾರು? ಉತ್ತರಿಸಲು ಹಿಂಜರಿಯುವವನ ಸರಕನ್ನು ಹಿಂದಿರುಗಿಸಲಿ. ಸ್ವರಾಜ್ಯವೆಂದರೆ ನಮ್ಮ ಲೆಕ್ಕವು ನಮ್ಮ ಕೈಯಲ್ಲಿರುವುದು. ಆ ಲೆಕ್ಕವನ್ನು ಯಾರು ತಿದ್ದಿದರೆಂದು ಕೇಳಿದ ಪ್ರಜೆಗೆ ಒಬ್ಬ ಅಧಿಕಾರಿಯ ಹೆಸರನ್ನು ಹೇಳಲಾಗದ ದಿನವು ನಮ್ಮ ನಾಡಿಗೆ ಬರಕೂಡದು.